ಇಡ್ಲೇನ್ರಿ ಎಂದು ಕೇಳಿಯೇ ಇಡಬೇಕು

ಬಬಲೇಶ್ವರದ ನಮ್ಮ ಮನೆಯಲ್ಲಿ ಫೋನನ್ನು ಸುಮ್ಮನೆ ಇಡುವ ಪದ್ಧತಿಯಿಲ್ಲ. 'ಇಡ್ಲೇನ್ರಿ?' ಎಂದು ಕೇಳಬೇಕು, ಆ ಕಡೆಯವರು 'ಹೂಂ, ಇಡ್ರಿ' ಅನ್ನಬೇಕು. ಅಷ್ಟಾದ ಮೇಲೂ ಅವ್ವನಿಗೆ ಇನ್ನೊಂದು ಮಾತು ನೆನಪಾಗುತ್ತದೆ, ಅದು ಬೇರೆ ವಿಷಯ. ಕೇಳದೆ ಕಟ್ ಆಯಿತೆಂದರೆ ಮಾತು ಮುಗಿದಿಲ್ಲ ಎಂದೇ ಲೆಕ್ಕ. ಅವ್ವ ತಿರುಗಿ ಫೋನು ಹಚ್ಚುತ್ತಾಳೆ.

ನಾನು ವಿಜಯಪುರದ ಸಣ್ಣ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ. ಎರಡು ಕಂಪ್ಯೂಟರುಗಳ ನಡುವಿನ ಸುರಕ್ಷಿತ ಸಂಪರ್ಕಕ್ಕೂ ಇದೇ ನಿಯಮ: ಮುಚ್ಚುವ ಮುನ್ನ 'ನನ್ನದು ಮುಗಿಯಿತು' ಎಂಬ ಸಂದೇಶ ಕಳಿಸಬೇಕು. ಬಹಳ ಮಂದಿ ಅದಕ್ಕೆ ಕಿಮ್ಮತ್ತು ಕೊಡುವುದಿಲ್ಲ. ನಾವೂ ಕೊಟ್ಟಿರಲಿಲ್ಲ.

ತಿಕೋಟಾದ ಕೋಲ್ಡ್ ಸ್ಟೋರೇಜಿನಿಂದ ಒಣದ್ರಾಕ್ಷಿ ಇಟ್ಟ ಕೋಣೆಗಳ ತಾಪಮಾನ ನಮ್ಮ ಸರ್ವರಿಗೆ ಬರುತ್ತಿತ್ತು. ಒಮ್ಮೆ ಕೊನೆಯ ಕೋಣೆಯ ಅಂಕಿ ಬರುವ ಮುನ್ನವೇ ಸಂಪರ್ಕ ಕಡಿಯಿತು; ಬಂದಷ್ಟನ್ನೇ ಪೂರ್ತಿ ಎಂದು ನಮ್ಮ ಪ್ರೋಗ್ರಾಂ ನಂಬಿ, ಪರದೆಯನ್ನು ಹಸಿರಾಗಿಯೇ ಇಟ್ಟಿತು. ಆ ಕೋಣೆಯ ತಂಪು ಮಾಡುವ ಯಂತ್ರ ಕೆಟ್ಟು ಕೂತದ್ದು ಯಾರಿಗೂ ತಿಳಿಯಲಿಲ್ಲ. ಅಲ್ಲಿದ್ದ ಒಣದ್ರಾಕ್ಷಿಯೆಲ್ಲ ಕಪ್ಪಾಯಿತು. ನನಗೆ ಬೆಂಕಿಯಂಥ ಸಿಟ್ಟು ಬಂತು. ಮುಗಿಯಿತೆಂಬ ಸಂದೇಶಕ್ಕೆ ತುಸು ಹೊತ್ತು ಕಾದು, ಬಾರದಿದ್ದರೆ ಸಂಪರ್ಕ ಮುಚ್ಚಿ 'ಅಪೂರ್ಣ' ಎಂದು ಕೆಂಪಗೆ ತೋರಿಸುವ ಹಾಗೆ ಬರೆದೆ.

ನಮ್ಮ ಕಂಪನಿಯ ಮಾಲೀಕರಿಗೆ ಅದು ಹಿಡಿಸಲಿಲ್ಲ. ತಿಕೋಟಾದಲ್ಲಿ ಕರೆಂಟು ಹೋದಾಗಲೆಲ್ಲ ಪರದೆ ಕೆಂಪಾಗುತ್ತದೆ, ಗಿರಾಕಿ ಹೆದರುತ್ತಾನೆ, ಅದನ್ನು ತೆಗೆ ಎಂದರು. ಹೆದರಬೇಕಾದಲ್ಲಿ ಹೆದರಲಿ, ಸುಳ್ಳು ಹಸಿರು ನಾನು ತೋರಿಸುವುದಿಲ್ಲ ಎಂದೆ. ಹಟಮಾರಿ ಎಂದು ಬೈದರು. ಹೌದು, ಹಟಮಾರಿಯೇ.

ಒಂದು ರವಿವಾರ ಊರಿಗೆ ಬಂದಿದ್ದಾಗ ಅವರ ಫೋನು ಬಂತು.

"ಅದನ್ನ ಇವತ್ತ ತೆಗೀಬೇಕ್ ನೋಡವಾ. ಇಲ್ಲಂದ್ರ ನಾಳಿಂದ..." ಎಂದವರೇ ಕಟ್ ಮಾಡಿದರು.

ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಹೆದರಿಕೆ ನನಗೂ ಇತ್ತು. ಆದರೂ ತಿರುಗಿ ಹಚ್ಚಿದೆ.

"ನಿಮ್ಮ ಮಾತು ಮುಗೀತೋ, ಲೈನ್ ಕಟ್ಟಾತೋ ತಿಳೀಲಿಲ್ರಿ. ನಾಳಿಂದ ಏನ್ರಿ? ಪೂರಾ ಹೇಳ್ರಿ."

'ನಾಳಿಂದ...' ಎಂದು ಅವರು ಮತ್ತೆ ಶುರುಮಾಡಿ ಅಲ್ಲಿಗೇ ಬಿಟ್ಟರು. ಕೆಲಸ ಹೋದರೆ ಹೋಗಲಿ ಎಂದು ನಾನು ಗಟ್ಟಿಯಾಗಿ ಕೂತೆ. ಕೊನೆಗೆ ಅವರು, ಅರ್ಧ ಮಾತನ್ನೇ ಬಿಡದವಳು ಅರ್ಧ ಲೆಕ್ಕ ಬಿಡುತ್ತೀಯಾ, ಬರೆದದ್ದು ಹಾಗೇ ಇರಲಿ ಎಂದರು. ಆಮೇಲೆ ಕೇಳಿದರು:

"ಇಡ್ಲೇನವಾ?"

"ಹೂಂ, ಇಡ್ರಿ," ಎಂದೆ.