ಗೆರೆ ಮೂಡದ ಹೆಬ್ಬೆಟ್ಟು

“ಮೆತ್ತಗೆ ಒತ್ತಿ ಅಂದೆನಲ್ಲಮ್ಮ, ಮಸಿ ಜಾಸ್ತಿ ಮಾಡ್ಕೊಂಡು ಹಾಳೆ ಕೆಡಿಸ್ತಿದ್ದೀರಿ” ಎನ್ನುತ್ತಾ ಆ ಹೆಂಗಸಿನ ಎರಡನೆಯ ಹಾಳೆಯನ್ನೂ ಹಸಿಯಾಗಿರುವಾಗಲೇ ಮುದುರಿ ಕಸದ ಬುಟ್ಟಿಗೆ ಹಾಕಿದೆ.

ಕೊಳ್ಳೇಗಾಲದ ಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಅಂದು ಮಕ್ಕಳ ತಾಯಂದಿರನ್ನು ಕೂರಿಸಿಕೊಂಡು ಇದ್ದಿಲು, ಅರಿಸಿನದ ನೀರು, ಮೇಣದ ಬಣ್ಣ, ತೆಂಗಿನ ನಾರು, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಹಾಳೆಯ ಮೇಲೆ ಗುರುತು ಮೂಡಿಸುವುದನ್ನು ಹೇಳಿಕೊಡುತ್ತಿದ್ದೆ. ಕೊನೆಯದು ಮಸಿಯಲ್ಲಿ ಹೆಬ್ಬೆಟ್ಟು. ಎಲ್ಲರ ಹಾಳೆಯಲ್ಲೂ ಸುರುಳಿ ಗೆರೆಗಳು ಬಂದವು. ಇವರದು ಮಾತ್ರ ಬರೀ ಕಪ್ಪು ಮಚ್ಚೆ.

ಮೂರನೆಯ ಸಲ ನಾನೇ ಅವರ ಹೆಬ್ಬೆಟ್ಟು ಒರೆಸಿ, ತೆಳುವಾಗಿ ಮಸಿ ಸವರಿ, ಹಿಡಿದು ಒತ್ತಿಸಿದೆ. ಮತ್ತೆ ಮಚ್ಚೆಯೇ.

ಆಗ ಅವರು ಮೆಲ್ಲಗೆ ಅಂದರು: “ಮೊದ್ಲೇ ಯೋಳ್ಬೇಕಾಗಿತ್ತು ಮೇಡಂ, ನಂದೇ ತೆಪ್ಪು. ಚಿಕ್ಕೋಳಾಗಿದ್ದಾಗ್ಲಿಂದ ಬಿಸ್ನೀರಲ್ಲಿ ಕೈ ಇಟ್ಟು ರೇಸ್ಮೆ ಗೂಡಿಂದ ನೂಲು ತೆಗ್ದು ತೆಗ್ದು ಗೆರೆ ಎಲ್ಲ ಸವ್ದೋಗವೆ. ರೇಷನ್ ಅಂಗ್ಡಿ ಮಿಸಿನ್ನೂ ನನ್ ಬೆಟ್ಟು ತಕಳಕಿಲ್ಲ.”

“ಪರವಾಗಿಲ್ಲ ಬಿಡಿ” ಎಂದು, ನಾನೇ ಅವರನ್ನು ಕ್ಷಮಿಸಿದವಳಂತೆ, ಪಕ್ಕದ ಬೆಂಚಿಗೆ ಹೋಗಿಬಿಟ್ಟೆ.

ಎಲ್ಲರೂ ಹೋದ ಮೇಲೆ ಬುಟ್ಟಿಯಿಂದ ಆ ಎರಡು ಹಾಳೆಗಳನ್ನು ತೆಗೆದು ನೀವಿ ಹರಡಿದೆ. ನಡುವೆ ಅವರ ಕಪ್ಪು ಮಚ್ಚೆ. ಅದರ ಸುತ್ತ, ನಾನು ಹಿಡಿದು ಮುದುರಿದ್ದ ಕಡೆಯಲ್ಲೆಲ್ಲ, ನನ್ನ ಬೆರಳುಗಳ ಗೆರೆ ಒಂದೂ ಬಿಡದಂತೆ ಸ್ಪಷ್ಟವಾಗಿ ಮೂಡಿತ್ತು.