ಹೆಗಲ ಮೇಲಿನ ಕೈ

ನನ್ನ ಗಂಡ ಸತ್ತದ್ದು ಕಾಲುವೆ ನೀರಿನ ಜಗಳದಲ್ಲಿ. ಬಳಗಾನೂರಿನ ನಮ್ಮ ಗದ್ದೆಗೆ ನೀರು ತಿರುಗಿಸಲು ಹೋಗಿ ಪಕ್ಕದ ಹೊಲದವನ ತಲೆಗೆ ಸಲಿಕೆಯಿಂದ ಹೊಡೆದ. ಅವನ ತಮ್ಮ ಇವನ ಕುತ್ತಿಗೆಗೆ ಕೊಡಲಿ ಹಾಕಿದ. ಹೆಣ ಅಂಗಳಕ್ಕೆ ಬಂದಾಗ ಎಲ್ಲರೂ ಎದೆ ಬಡಿದುಕೊಂಡರು. ನಾನೂ ಬಡಿದುಕೊಂಡೆ. ಒಳಗೊಳಗೆ ಮಾತ್ರ, ಇನ್ನು ಮೇಲೆ ನಿದ್ದೆ ಬರುತ್ತದೆ ಅಂದುಕೊಂಡೆ. ಯಾರು ಏನಾದರೂ ಅಂದುಕೊಳ್ಳಲಿ, ನಿಜ ಅದೇ. ಮಗಳು ಆಗಿನ್ನೂ ಮೊಲೆ ಕುಡಿಯುವ ಕೂಸು.

ಅವಳು ಶಾಲೆಗೆ ಹೋಗುವ ಹೊತ್ತಿಗೆ ಸಿಂಧನೂರಿನ ಒಂದು ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು. ಬೇರೆ ಬೇರೆ ಫೋಟೋದಲ್ಲಿರುವ ಇಬ್ಬರನ್ನು ಒಂದರಲ್ಲೇ ಕೂರಿಸುತ್ತಾರಂತೆ ಎಂದು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮಗ-ಸೊಸೆಯ ಜೋಡಿ ಫೋಟೋ ಗೋಡೆಗೆ ಬೇಕೇ ಬೇಕೆಂದು ಹಟ ಹಿಡಿದಳು. ನಮ್ಮ ಮದುವೆಯ ಫೋಟೋಗಳನ್ನು ಗಂಡ ಕುಡಿದ ಸಿಟ್ಟಿನಲ್ಲಿ ಒಲೆಗೆ ಹಾಕಿದ್ದ.

"ಹೊಸಾದು ಒಂದು ತೆಗಿಸಿಕೊಂಡು ಬರ್ತೀನಿ ಬಿಡ್ರಿ ಅತ್ತಿ," ಎಂದೆ.

"ಬೋಳ ಹಣಿ ಇಟಗೊಂಡು ನನ್ನ ಮಗನ ಬಾಜೂ ಕುಂದರ್ತಿ ಏನು? ಮುತ್ತೈದಿ ಇದ್ದಾಗಿನ ಫೋಟೋನ ಬೇಕು!"

ಕುಂಕುಮ ಇದ್ದಾಗಿನ ನನ್ನ ಫೋಟೋ ಇದ್ದದ್ದು ಒಂದೇ. ಗಂಡ ನನ್ನ ಮುಖವನ್ನು ಒರಳುಕಲ್ಲಿಗೆ ಜಜ್ಜಿದ ಮರುದಿನ, ಪೊಲೀಸರಿಗೆ ಕೊಡಲೆಂದು ನನ್ನಪ್ಪ ಮಸ್ಕಿಯಲ್ಲಿ ತೆಗೆಸಿದ್ದು. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ಹಣೆಯ ಮೇಲೆ ಕುಂಕುಮ ಮಾತ್ರ ದುಂಡಗಿತ್ತು. ಹಿರಿಯರು ಕೂತು ರಾಜಿ ಮಾಡಿಸಿದರು. ಫೋಟೋ ನನ್ನ ಟ್ರಂಕಿನಲ್ಲಿ ಉಳಿಯಿತು. ಅತ್ತೆ ಬೀಗ ಒಡೆದು ಅದನ್ನೇ ಸಿಂಧನೂರಿಗೆ ಒಯ್ದಳು. ಗಂಡ ಜಜ್ಜಿದ ದಿನ ನನ್ನ ಕೂಗು ಓಣಿಗೆ ಕೇಳಬಾರದೆಂದು ಬಾಗಿಲ ಚಿಲಕ ಹಾಕಿದವಳೂ ಅವಳೇ. ಎಂಥ ಗುಂಡಿಗೆ ನೋಡಿ!

ಕಟ್ಟು ಹಾಕಿಸಿದ ಫೋಟೋ ಬಂತು. ಕಂಪ್ಯೂಟರಿನವನು ಬಾವು ಅಳಿಸಿ, ನನ್ನ ಬಲಗಣ್ಣನ್ನೇ ತಿರುವಿ ಎಡಕ್ಕೂ ಕೂರಿಸಿದ್ದ. ತುಟಿಗೆ ನಗು ಹಚ್ಚಿದ್ದ. ನಮ್ಮಿಬ್ಬರ ಹಿಂದೆ ಜಲಪಾತ, ತಲೆಯ ಮೇಲೆ ಹಂಸಗಳು. ಗಂಡನದು ಎದೆಮಟ್ಟದ ಪಾಸ್‌ಪೋರ್ಟ್ ಫೋಟೋ, ಅದರಲ್ಲಿ ಕೈಗಳೇ ಇರಲಿಲ್ಲವಲ್ಲ, ಯಾವನೋ ಮದುಮಗನ ಕೈ ತಂದು, ಉಂಗುರದ ಸಮೇತ, ನನ್ನ ಹೆಗಲ ಮೇಲೆ ಇಟ್ಟಿದ್ದ.

ಮಗಳು ಸ್ಟೂಲು ಹತ್ತಿ ದಿನಾ ಆ ಕೈಗೆ ಮುತ್ತು ಕೊಡುತ್ತಿದ್ದಳು. "ಅಪ್ಪ ನಿನ್ನ ಭಾಳ ಪ್ರೀತಿ ಮಾಡ್ತಿದ್ದನಂತ ಅಲ್ಲ ಅವ್ವಾ? ಆಯಿ ಹೇಳ್ಯಾಳ." ಅಜ್ಜಿಯನ್ನು ಅವಳು ಆಯಿ ಅನ್ನುತ್ತಿದ್ದಳು.

ನನ್ನ ಜೀವನ ಹಾಳಾಗಿದ್ದು ಆಯಿತು. ನಾಳೆ ಇವಳೂ ಇಂಥವನೊಬ್ಬನ ಕೈಗೆ ಸಿಕ್ಕು, ಹೊಡೆತ ತಿಂದು, ನಮ್ಮಪ್ಪ ಹೀಗಿರಲಿಲ್ಲ, ತಪ್ಪು ನನ್ನದೇ ಇರಬೇಕು ಎಂದು ಅಳುತ್ತಾ ಕೂರಬೇಕೇ?

ಮರುದಿನವೇ ಸಿಂಧನೂರಿನ ಬಸ್ಸು ಹತ್ತಿದೆ. "ನನ್ನ ಮಾರಿ ಮೊದಲ ಹೆಂಗಿತ್ತೋ ಹಂಗ ಹಚ್ಚು," ಎಂದೆ ಕಂಪ್ಯೂಟರಿನವನಿಗೆ.

"ಅಂಥಾದ್ದು ಯಾರೂ ಮಾಡಸಂಗಿಲ್ರೀ ಅಕ್ಕಾರ."

"ನಾ ಮಾಡಸಾಕತ್ತೀನಿ. ಮಾಡು."

ಮಾಡಿದ. ಜಲಪಾತ ಹಾಗೇ ಇತ್ತು, ಹಂಸ ಹಾಗೇ ಇದ್ದವು, ಗಂಡ ಹಾಗೇ ನಗುತ್ತಿದ್ದ, ಕೈ ಹೆಗಲ ಮೇಲೇ ಇತ್ತು. ನನ್ನ ಮುಖ ಮಾತ್ರ ಜಜ್ಜಿಹೋಗಿತ್ತು.

ಮನೆಗೆ ತಂದು ಮೊಳೆಗೆ ತೂಗುಹಾಕಿದ್ದೇ ತಡ, ಅತ್ತೆ ಒಲೆಯ ಕಟ್ಟಿಗೆ ಹಿಡಿದು ಬಂದಳು. "ಸತ್ತ ಮಗನ ಮಾನ ಕಳೀತಿ ಏನ ಬೇ!" ಮೊದಲ ಏಟಿಗೆ ಗಾಜು ಚೂರಾಯಿತು, ಎರಡನೆಯದು ನನ್ನ ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ನಾನು ಅವಳ ಮಣಿಕಟ್ಟು ಹಿಡಿದು, ಕಟ್ಟಿಗೆ ಬೀಳುವವರೆಗೆ ತಿರುವಿದೆ. ಆ ಮನೆಯಲ್ಲಿ ನಾನು ತಿರುಗಿಬಿದ್ದದ್ದು ಅದೇ ಮೊದಲು. ಹಾಯೆನಿಸಿತು.

ಮಗಳು ಗಾಜಿನ ಚೂರುಗಳ ನಡುವೆ ಕೂತು ಫೋಟೋ ನೋಡುತ್ತಿದ್ದಳು. "ಅವ್ವಾ, ನಿನಗ ಹಿಂಗ ಯಾರು ಹೊಡದ್ರು?"

"ನಿಮ್ಮಪ್ಪ."

"ಸುಳ್ಳು ಹೇಳ್ತಾಳ, ಕೇಳಬ್ಯಾಡ!" ಅತ್ತೆ ಚೀರಿದಳು.

ಮಗಳು ಅವಳತ್ತ ತಿರುಗಲಿಲ್ಲ. ಉಂಗುರದ ಕೈಯ ಮೇಲೆ ಬೆರಳಿಟ್ಟು, "ಹಂಗಾರ ಈ ಕೈ ತೆಗಿಸವ್ವಾ," ಎಂದಳು.