ನನ್ನ ಹಲ್ಲಿಗೆ ಅರೆದ ಬೆಳ್ಳಿ

ನನ್ನ ದವಡೆಹಲ್ಲಿಗೆಂದು ಅರೆದಿದ್ದ ಬೆಳ್ಳಿಯನ್ನು, ನಾನು ಬಾಯಿ ತೆರೆದು ಕುಳಿತಿದ್ದಂತೆಯೇ, ಇನ್ನೊಬ್ಬರ ಹಲ್ಲಿಗೆ ತುಂಬಿದರು. ಆ ಇನ್ನೊಬ್ಬರು ಕನ್ನಡಿಗರು. ಎಪ್ಪತ್ತರ ದಶಕದ ದಿಲ್ಲಿಯಲ್ಲಿ ನಡೆದ ಈ ಅನ್ಯಾಯವನ್ನು ಕ್ಷುಲ್ಲಕವೆಂದು ನಗುವವರು ನಗಲಿ. ಹಲ್ಲು ಹೋದದ್ದು ನನ್ನದು.

ಆಗ ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ವಾಸ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ. ಎಡಗಡೆಯ ದವಡೆಹಲ್ಲುಗಳನ್ನು ಮೊದಲೇ ಕೀಳಿಸಿಯಾಗಿತ್ತು. ಅಗಿಯಲು ಬಲಗಡೆ ಉಳಿದಿದ್ದ ಒಂದಕ್ಕೂ ಹುಳುಕು ಹಿಡಿದಾಗ, ಅದನ್ನಾದರೂ ಉಳಿಸಿಕೊಳ್ಳಬೇಕೆಂದು ನೌಕರರ ದವಾಖಾನೆಯ ದಂತವೈದ್ಯರ ಬಳಿಗೆ ಹೋದೆ. ವೈದ್ಯರು ಪಂಜಾಬಿನವರು, ಮಾತುಗಾರರು, ಆದರೆ ಕೈ ಚುರುಕು. ಹುಳುಕನ್ನು ಕೊರೆದು ತೆಗೆದು, ಹಲ್ಲಿನ ಇಕ್ಕೆಲಕ್ಕೂ ಹತ್ತಿಯುಂಡೆ ತುರುಕಿ, ಬಾಯಿ ಮುಚ್ಚಕೂಡದೆಂದು ಅಪ್ಪಣೆ ಮಾಡಿದರು. ಕಾಂಪೌಂಡರ್ ಪುಟ್ಟ ಕಲ್ಬತ್ತಿನಲ್ಲಿ ಬೆಳ್ಳಿಪುಡಿಗೆ ಪಾದರಸ ಬೆರೆಸಿ ಅರೆಯತೊಡಗಿದ. ಪುಡಿ ಇದೇ ಕಡೆಯದೆಂದೂ, ಹೊಸದು ಯಾವಾಗ ಬರುವುದೋ ತಿಳಿಯದೆಂದೂ ಅವನು ಹೇಳಿದಾಗ, ಸದ್ಯ, ನನಗೆ ಸಿಕ್ಕಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅವರು ಬಂದರು. ಬೇರೊಂದು ಇಲಾಖೆಯ ಅಧಿಕಾರಿ, ನಮ್ಮ ಕನ್ನಡ ಸಂಘದ ಸಮಿತಿಯಲ್ಲಿದ್ದವರು. ಅಧಿಕಾರಿಗಳಿಗೆ ಅಲ್ಲಿ ಸರದಿಯಿರಲಿಲ್ಲ. ಹಳೆಯ ಫಿಲ್ಲಿಂಗ್ ಕಳಚಿ ಬಿದ್ದಿದೆ, ಮೀಟಿಂಗಿಗೆ ಹೊತ್ತಾಯಿತು ಎಂದು ವೈದ್ಯರಿಗೆ ಹಿಂದಿಯಲ್ಲಿ ಹೇಳಿ, ನನ್ನನ್ನು ಗುರುತಿಸಿ ಕನ್ನಡಕ್ಕೆ ಹೊರಳಿದರು.

"ಸ್ವಲ್ಪ ಸುಧಾರಿಸ್ಕೊಳ್ರೀ. ನಮ್ಮವರೇ ತಾನೇ ನೀವು?"

ಬಾಯಲ್ಲಿ ಹತ್ತಿ ತುಂಬಿದವನು ಏನು ಹೇಳಲಿ? ಕೂಡದೆಂದು ತಲೆಯನ್ನು ಎಡಕ್ಕೂ ಬಲಕ್ಕೂ ಬಲವಾಗಿ ಆಡಿಸಿದೆ. ವೈದ್ಯರು ಗಹಗಹಿಸಿ ನಕ್ಕರು.

"ಲೀಜಿಯೇ, ಹಾಂ ಬೋಲ್ ದಿಯಾ. ಮದ್ರಾಸಿ ಲೋಗ್ ಐಸೇ ಹೀ ಹಾಂ ಬೋಲ್ತೇ ಹೈಂ."

ಮದ್ರಾಸಿಗಳು ಹೂಂ ಎನ್ನುವುದೇ ಹೀಗಂತೆ! ನಮ್ಮ ಕಡೆಯವರು ಹೌದೆನ್ನುವಾಗ ತಲೆ ತೂಗುವುದನ್ನು ದಿಲ್ಲಿಯವರು ಹಾಸ್ಯ ಮಾಡುವುದು ಹೊಸತೇನಲ್ಲ. ಆ ತೂಗಾಟಕ್ಕೂ ನನ್ನ ನಿರಾಕರಣೆಗೂ ಇರುವ ವ್ಯತ್ಯಾಸ ವೈದ್ಯರಿಗೆ ತಿಳಿಯದಿದ್ದರೆ ಅದನ್ನು ಅಜ್ಞಾನವೆಂದು ಬಿಡಬಹುದು. ಅಧಿಕಾರಿಗಳು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದರು.

ನನ್ನ ಕುಳಿಗೆ ದೊರೆತದ್ದು ಲವಂಗದೆಣ್ಣೆಯ ವಾಸನೆಯ ಬಿಳಿ ಲೇಪ. ತಾತ್ಕಾಲಿಕವೆಂದೂ, ಪುಡಿ ಬಂದೊಡನೆ ಬೆಳ್ಳಿ ತುಂಬುವೆವೆಂದೂ ಹೇಳಿ ಕಳುಹಿಸಿದರು. ಮತ್ತೆ ಮತ್ತೆ ರಜೆ ಹಾಕಿ ಹೋದೆ. ಒಮ್ಮೆ ಪುಡಿ ಬಂದಿರಲಿಲ್ಲ, ಇನ್ನೊಮ್ಮೆ ವೈದ್ಯರೇ ಬಂದಿರಲಿಲ್ಲ. ಕೊನೆಗೊಂದು ದಿನ ರೊಟ್ಟಿಯೊಡನೆ ಲೇಪವೂ ಕಳಚಿ ಬಂತು. ಮರುದಿನವೇ ಓಡಿದರೆ, ಪುಡಿ ಇನ್ನೂ ಬಂದಿಲ್ಲ, ಉಪ್ಪುನೀರು ಮುಕ್ಕಳಿಸುತ್ತಿರಿ ಎಂದರು. ಪುಡಿ ಬರುವ ಹೊತ್ತಿಗೆ ಕೀವು ಬೇರಿಗಿಳಿದಿತ್ತು. ಅದೇ ವೈದ್ಯರು ಇಕ್ಕಳದಿಂದ ಹಲ್ಲು ಕಿತ್ತು, ಮೊದಲೇ ಬರಬಾರದಿತ್ತೇ ಎಂದು ನನಗೇ ಬುದ್ಧಿ ಹೇಳಿದರು.

ಆ ವರ್ಷ ಸಂಘದ ಹಬ್ಬದೂಟದ ಪಂಕ್ತಿಯಲ್ಲಿ ಆ ಅಧಿಕಾರಿಗಳು ನಮ್ಮೆದುರಿಗೇ ಕುಳಿತಿದ್ದರು. ಕೋಡುಬಳೆಯನ್ನು ಕಟಕಟನೆ ಕಡಿಯುತ್ತ, ನನ್ನ ಎಲೆಯಲ್ಲಿ ಅದು ಹಾಗೇ ಉಳಿದಿರುವುದನ್ನು ಕಂಡು, ಏಕೆ ತಿನ್ನುತ್ತಿಲ್ಲವೆಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಉತ್ತರ ಕೊಟ್ಟಳು.

"ಇವರ ಹಲ್ಲಿಗೆ ಅರೆದಿದ್ದ ಬೆಳ್ಳಿ ನಿಮ್ಮ ಬಾಯಲ್ಲಿದೆಯಲ್ಲ ಸಾರ್, ಇವರು ಯಾವುದರಲ್ಲಿ ಅಗೀಬೇಕು?"

ಅಧಿಕಾರಿಗಳು ನೀರು ಕುಡಿದು, ನಗುತ್ತಲೇ ಹೇಳಿದರು:

"ಅಯ್ಯೋ, ನೀವೇ ಹೂಂ ಅಂತ ತಲೆಯಾಡಿಸಿದ್ರಲ್ರೀ!"

ಸುತ್ತಲಿದ್ದವರೂ ನಕ್ಕರು. ಬಡಿಸುವವರು ಅನ್ನದ ಪಾತ್ರೆಯೊಂದಿಗೆ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಅಂದು ಪಂಕ್ತಿಯ ಮರ್ಯಾದೆಗೆ ಕಟ್ಟುಬಿದ್ದು ನಾನು ಕೇಳದೆ ಬಿಟ್ಟದ್ದನ್ನು ಇಂದು ಕೇಳುತ್ತೇನೆ. ಮಹನೀಯರೇ, ಆ ವೈದ್ಯರು ಪಂಜಾಬಿನವರು. ಕನ್ನಡಿಗನೊಬ್ಬ ಬೇಡವೆಂದು ತಲೆಯಾಡಿಸುವುದು ಹೇಗೆಂಬುದು ಹುಟ್ಟಿದಾಗಿನಿಂದ ನೋಡುತ್ತ ಬಂದ ತಮಗೂ ತಿಳಿದಿರಲಿಲ್ಲವೇ?